ಮಣಿಪಾಲದ ವಿದ್ಯಾರ್ಥಿ ಬರ್ಲಿನ್‌ನಲ್ಲಿ ಮೊದಲು ನೋಡಬೇಕಾದದ್ದು

ನಮ್ಮ ಉಡುಪಿ ಜಿಲ್ಲೆಯಲ್ಲಿ ಶಾಲಾ ಪ್ರವಾಸ ಎಂದರೆ ಕಾರ್ಕಳದ ಗೊಮ್ಮಟ, ಕಾಪುವಿನ ದೀಪಸ್ತಂಭ, ಉಡುಪಿಯ ಕೃಷ್ಣ ಮಠ. ಕಾಲೇಜಿಗೆ ಬಂದ ಮೇಲೆ ಕೆಲವರಿಗೆ ಯುರೋಪಿನ ಅಧ್ಯಯನ ಪ್ರವಾಸವೂ ಕೈಗೆಟುಕುತ್ತದೆ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಆಶ್‌ವಿಟ್ಜ್ ಹತ್ಯಾಶಿಬಿರ ನೋಡಿ ಬರುತ್ತಾರೆ. ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಅದರಲ್ಲಿ ಸುಮಾರು 10 ಲಕ್ಷ ಮಂದಿ ಸತ್ತದ್ದು ಆ ಒಂದೇ ಜಾಗದಲ್ಲಿ. ನೋಡಲೇಬೇಕಾದ ಜಾಗ, ಸರಿ. ಆದರೆ ಮಣಿಪಾಲದಂಥ ಊರಿನಿಂದ ಹೋಗುವವರು ಅಲ್ಲಿಂದ ಶುರು ಮಾಡಬಾರದು ಅನ್ನುವುದು ನನ್ನ ವಾದ. ಅವರು ಮೊದಲು ನೋಡಬೇಕಾದದ್ದು ಕಚೇರಿಗಳನ್ನು. ಇನ್ನೊಂದು ಮಾತು: ಈ ಪ್ರವಾಸ ಇತಿಹಾಸ ಓದುವವರಿಗಿಂತ ವೈದ್ಯಕೀಯ, ಎಂಜಿನಿಯರಿಂಗ್ ಓದುವವರಿಗೆ ಹೆಚ್ಚು ಬೇಕು.

ಯಾಕೆ ಅಂತ ಹೇಳುತ್ತೇನೆ. ಬರ್ಲಿನ್‌ನಲ್ಲಿ ಟಿಯರ್‌ಗಾರ್ಟನ್ ಬೀದಿಯ 4ನೇ ನಂಬರಿನಲ್ಲಿ ಒಂದು ಕಚೇರಿ ಇತ್ತು. ಅಂಗವಿಕಲರು, ಮನೋರೋಗಿಗಳು ಬದುಕಲು ಯೋಗ್ಯರೋ ಅಲ್ಲವೋ ಎಂದು ಅಲ್ಲಿನ ಯೋಜನೆಯ ಪ್ರಕಾರ ತೀರ್ಮಾನಿಸಿದವರು ವೈದ್ಯರು. ರೋಗಿಯ ಮುಖವನ್ನೂ ನೋಡದೆ, ಆಸ್ಪತ್ರೆಗಳಿಂದ ತುಂಬಿ ಬಂದ ಫಾರಂ ನೋಡಿ ಗುರುತು ಹಾಕುತ್ತಿದ್ದರು. 1940ರ ಆರಂಭದಿಂದ 1941ರ ಆಗಸ್ಟ್‌ವರೆಗೆ 70,000ಕ್ಕೂ ಹೆಚ್ಚು ಜನರನ್ನು ಹೀಗೆ ಆರಿಸಿ ಕೊಂದರು. ಕೊಂದದ್ದು ವಿಷಾನಿಲದ ಕೋಣೆಗಳಲ್ಲಿ, ಚಿಕಿತ್ಸಾ ಕೇಂದ್ರ ಎನಿಸಿಕೊಂಡಿದ್ದ ಕಟ್ಟಡಗಳೊಳಗೆ. ಅಲ್ಲಿ ಕೈಪಳಗಿದ ಸಿಬ್ಬಂದಿಯೇ ಆಮೇಲೆ ಟ್ರೆಬ್ಲಿಂಕಾ, ಸೊಬಿಬೋರ್ ಹತ್ಯಾಶಿಬಿರಗಳಿಗೆ ಹೋದರು. ಇನ್ನು ಎರ್ಫುರ್ಟ್ ಎಂಬ ಊರಿನಲ್ಲಿ ಟಾಫ್ ಅಂಡ್ ಸನ್ಸ್ ಎಂಬ ಕುಲುಮೆ ಕಂಪನಿ ಇತ್ತು. ಆಶ್‌ವಿಟ್ಜ್‌ಗೆ ಹೆಣ ಸುಡುವ ಒಲೆಗಳನ್ನು ಕಟ್ಟಿಕೊಟ್ಟದ್ದು ಅದೇ. ಕಂಪನಿಯ ಒಟ್ಟು ವಹಿವಾಟಿನಲ್ಲಿ ಈ ಕೆಲಸದ ಪಾಲು ಸಣ್ಣದು; ಬೇಡವೆಂದಿದ್ದರೆ ಕಂಪನಿ ಮುಳುಗುತ್ತಿರಲಿಲ್ಲ. ಆದರೂ ಅದರ ಒಬ್ಬ ಎಂಜಿನಿಯರ್, ನಿಲ್ಲಿಸದೆ ಸಾಮೂಹಿಕವಾಗಿ ಹೆಣ ಸುಡುವ ಒಲೆಯ ನಕ್ಷೆ ತಯಾರಿಸಿ 1942ರಲ್ಲಿ ಅದಕ್ಕೆ ಪೇಟೆಂಟ್ ಕೇಳಿದ. ಯಾರೂ ಅವನ ತಲೆಗೆ ಬಂದೂಕು ಹಿಡಿದಿರಲಿಲ್ಲ. ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬೇಕು ಎಂಬ ಹುಮ್ಮಸ್ಸು, ಅಷ್ಟೇ. ಆ ಕಂಪನಿಯ ಕಚೇರಿ ಕಟ್ಟಡ 2011ರಿಂದ ಸ್ಮಾರಕವಾಗಿದೆ. ಎಂಜಿನಿಯರಿಂಗ್ ಓದುವ ಯಾರೇ ಜರ್ಮನಿಗೆ ಹೋದರೂ ತಪ್ಪಿಸಬಾರದ ಜಾಗ ಇದು.

ರೈಲ್ವೆಯದ್ದೂ ಇದೇ ಕಥೆ. ಸಾವಿಗೆ ಸಾಗಿಸಿದ ಯಹೂದಿಗಳಿಗೆ ಜರ್ಮನ್ ರೈಲ್ವೆ ಮೂರನೇ ದರ್ಜೆಯ ಒಮ್ಮುಖ ಟಿಕೆಟಿನ ದರ ಹಾಕಿ ಸರ್ಕಾರದಿಂದ ವಸೂಲಿ ಮಾಡುತ್ತಿತ್ತು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, 400ಕ್ಕಿಂತ ಹೆಚ್ಚು ಜನರಿದ್ದರೆ ಗುಂಪಿನ ರಿಯಾಯಿತಿ. ಬರ್ಲಿನ್‌ನ ಗ್ರುನೆವಾಲ್ಡ್ ನಿಲ್ದಾಣದ 17ನೇ ಹಳಿಯ ಪಕ್ಕ 186 ಉಕ್ಕಿನ ಫಲಕಗಳಿವೆ. ಯಾವ ದಿನ, ಎಷ್ಟು ಜನ, ಎಲ್ಲಿಗೆ ಎಂದು ಅವುಗಳ ಮೇಲೆ ಎರಕ ಹೊಯ್ದಿದ್ದಾರೆ. ಅದನ್ನು ಮಾಡಿಸಿದ್ದು ಇಂದಿನ ಜರ್ಮನ್ ರೈಲ್ವೆಯೇ. ಈ ಮಾತನ್ನು ಸ್ವಲ್ಪ ಯೋಚಿಸಿ. ಕಾರ್ಕಳದ 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ವೀರಪಾಂಡ್ಯನಿಂದ ಹಿಡಿದು ಇವತ್ತಿನವರೆಗೆ, ನಾವು ಕಲ್ಲಿನಲ್ಲಿ ಬರೆಸುವುದು ನಮ್ಮ ಪುಣ್ಯವನ್ನು, ನಮ್ಮ ಕೀರ್ತಿಯನ್ನು. ತಾನು ಮಾಡಿದ ಪಾಪವನ್ನು ತನ್ನದೇ ರಾಜಧಾನಿಯಲ್ಲಿ ಲೋಹದಲ್ಲಿ ಬರೆಸುವುದು ಜಗತ್ತಿನಲ್ಲೇ ಅಪರೂಪ.

ಇದಕ್ಕೆ ಆಕ್ಷೇಪಗಳಿವೆ. ಎಲ್ಲೋ ಯುರೋಪಿನ ಸಂಕಟ, ನಮಗೇನು ಸಂಬಂಧ ಎನ್ನುವುದು ಒಂದು. ಆದರೆ ಸಂಬಂಧ ಇದೆ. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಕೆಲಸ ಮಾಡಿದರು. ಅವರ ಸಂಬಂಧಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆ ಕಾಲದಲ್ಲೇ ಕನ್ನಡ ನಾಡಿಗೆ ಸಂಬಂಧ ಇತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ನಮ್ಮಲ್ಲೇ ನೋವಿರುವಾಗ ಪರದೇಶದ್ದನ್ನು ನೋಡಿ ಅಳುವುದು ಯಾಕೆ? ಒಪ್ಪುತ್ತೇನೆ, ಅಳುವುದಕ್ಕಾಗಿ ಹೋಗುವುದಾದರೆ ಬೇಡ. ನೋಡುವ ಕಣ್ಣು ಪಡೆಯಲು ಹೋಗಬೇಕು. ಇದೇ ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಟ್ಟು ತಿನ್ನಿಸುತ್ತಿದ್ದರು. ಮನೆಯ ಕೆಡುಕು ಅವರ ಮೈಗೆ ಹೋಗಲಿ ಎಂಬ ನಂಬಿಕೆ. ಕಂಬಳ ಶುರುವಾಗುವ ಮೊದಲು ಕೋಣಗಳ ಹಾಗೆ ಅವರನ್ನು ಓಡಿಸುತ್ತಿದ್ದರು. ಈ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದು ಯಾವಾಗ ಗೊತ್ತೇ? 2000ನೇ ಇಸವಿಯಲ್ಲಿ. ಅಂದರೆ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿ 47 ವರ್ಷ ಕಳೆದ ಮೇಲೆ. ಇದನ್ನು ನಡೆಸಿದವರು ರಾಕ್ಷಸರಲ್ಲ, ಸಭ್ಯ ಮನೆಗಳವರು, ಪದ್ಧತಿ ಪ್ರಕಾರ ನಡೆದುಕೊಂಡವರು.

ಅಜಲನ್ನು ಯಹೂದಿಗಳ ಹತ್ಯೆಗೆ ಸಮ ಮಾಡುತ್ತಿದ್ದೀರಾ ಎಂದು ಕೇಳುವವರಿದ್ದಾರೆ. ಇಲ್ಲ. ಒಂದು ರಾಜ್ಯಶಕ್ತಿ ಇಡೀ ಜನಾಂಗವನ್ನು ಅಳಿಸಲು ಕಾರ್ಖಾನೆ ಕಟ್ಟಿದ್ದು ಬೇರೆ, ಒಂದು ಸಮಾಜ ಒಂದು ಸಮುದಾಯವನ್ನು ತಲೆತಲಾಂತರದಿಂದ ಕೀಳು ಮಾಡಿದ್ದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಎರಡೂ ಅರ್ಥವಾಗುವುದಿಲ್ಲ. ಆದರೆ ಒಬ್ಬ ಮನುಷ್ಯ ತನಗಿಂತ ಕಡಿಮೆ ಎಂದು ಒಪ್ಪಿಕೊಂಡ ಮೇಲೆ ಒಳ್ಳೆಯವರ ಕೈ ಎಷ್ಟು ಸಲೀಸಾಗಿ ಕೆಲಸ ಮಾಡುತ್ತದೆ ಎಂಬುದನ್ನು ಎರಡೂ ಕಡೆ ನೋಡಬಹುದು. ಜರ್ಮನಿಯೂ ಎಲ್ಲವನ್ನೂ ಬೇಗ ಒಪ್ಪಿಕೊಳ್ಳಲಿಲ್ಲ. ನಾಜಿಗಳು ಸಾಮೂಹಿಕವಾಗಿ ಕೊಂದ ಸಿಂತಿ ಮತ್ತು ರೋಮಾ ಸಮುದಾಯದ ಕೆಲವರು 1980ರಲ್ಲಿ ಡಾಖೌ ಶಿಬಿರದ ಜಾಗದಲ್ಲಿ ಉಪವಾಸ ಕೂತರು. 1982ರಲ್ಲಿ ಸರ್ಕಾರ ಅದನ್ನು ನರಮೇಧ ಎಂದು ಒಪ್ಪಿಕೊಂಡಿತು. ಬರ್ಲಿನ್‌ನಲ್ಲಿ ಅವರ ಸ್ಮಾರಕ ತೆರೆದದ್ದು 2012ರಲ್ಲಿ. ಸಣ್ಣ ಸಮುದಾಯ, ಬಡ ಸಮುದಾಯ. ನೆನಪೂ ಕೊನೆಯ ಸಾಲಿನಲ್ಲೇ ಬಂತು.

ಹಾಗಾಗಿ ಪ್ರವಾಸ ಏರ್ಪಡಿಸುವ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು. ಪಟ್ಟಿಯಲ್ಲಿ ಟಿಯರ್‌ಗಾರ್ಟನ್ ಬೀದಿಯನ್ನೂ ಎರ್ಫುರ್ಟನ್ನೂ ಸೇರಿಸಿ. ವಿಮಾನ ಹತ್ತುವ ಮೊದಲು ವಿದ್ಯಾರ್ಥಿಗಳಿಗೆ 2000ದ ಅಜಲು ನಿಷೇಧ ಕಾಯ್ದೆ ಓದಲು ಕೊಡಿ, ಕೆಲವೇ ಪುಟಗಳಿವೆ. ಕೊರಗ ಸಮುದಾಯದ ಹಿರಿಯರನ್ನು ತರಗತಿಗೆ ಕರೆದು ಅವರ ಮಾತನ್ನೂ ಕೇಳಿಸಿ.