ಫಾರಂ ಕೋಳಿ ಮತ್ತು ಹೈಬ್ರಿಡ್ ಬೀಜ: ಕೆಲವು ತಪ್ಪು ತಿಳಿವಳಿಕೆಗಳು



ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಕುರುಬರಹಳ್ಳಿ, ಹೆಸರೇ ಹೇಳುವಂತೆ, ಕುರಿ ಸಾಕುವವರ ಊರು. ಇಂದು ಅದು ರಾಜಾಜಿನಗರಕ್ಕೆ ಹೊಂದಿಕೊಂಡಿರುವ ನಗರದ ಬಡಾವಣೆ. ಇಂಥ ಬಡಾವಣೆಗಳ ಕೋಳಿ ಅಂಗಡಿಯ ಮುಂದೆ ಒಂದು ಮಾತು ಕಿವಿಗೆ ಬೀಳುವುದುಂಟು: "ಫಾರಂ ಕೋಳಿ ಬೇಡಪ್ಪ, ಇಂಜಕ್ಷನ್ ಕೊಟ್ಟು ಊದಿಸಿರುತ್ತಾರೆ." ಹಳ್ಳಿಯ ಕಡೆ ಹೋದರೆ ಇನ್ನೊಂದು ಮಾತು: "ಹೈಬ್ರಿಡ್ ಬೀಜ ತಿರುಗಿ ಹುಟ್ಟುವುದಿಲ್ಲ, ಅದಕ್ಕೆ ಏನೋ ಔಷಧಿ ಹಾಕಿರುತ್ತಾರೆ." ಮೊದಲನೆಯ ಮಾತಿನಿಂದ ಕೋಳಿ ಸಾಕುವವನ ವ್ಯಾಪಾರಕ್ಕೆ ಪೆಟ್ಟು. ಎರಡನೆಯದರಿಂದ ಬೆಳೆಗಾರನಿಗೆ ನಷ್ಟ. ಕೊಳ್ಳಬೇಕಾಗಿಲ್ಲದ ಬೀಜವನ್ನು ಆತ ಕೊಳ್ಳುತ್ತಾನೆ, ಕೊಳ್ಳಲೇಬೇಕಾದ ಬೀಜವನ್ನು ಮನೆಯಲ್ಲೇ ಉಳಿಸಿ ಬಿತ್ತುತ್ತಾನೆ. ಆದ್ದರಿಂದ ಈ ಮಾತುಗಳಲ್ಲಿ ಎಷ್ಟು ನಿಜವಿದೆ ಎಂಬುದನ್ನು ತಿಳಿಯುವುದು ಅವಶ್ಯಕ.

ಆಯ್ಕೆಯೇ ಮೂಲ

ಕುರಿ ಸಾಕುವವರು ಹಿಂಡಿನಲ್ಲಿ ಎತ್ತರವಾದ, ಚುರುಕಾದ ಟಗರನ್ನು ಬೀಜಕ್ಕೆಂದು ಉಳಿಸಿಕೊಂಡು ಉಳಿದವನ್ನು ಮಾರುತ್ತಾರೆ. ರಾಗಿ ಬೆಳೆಯುವವರು ಕಟಾವಿಗೆ ಮೊದಲು ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಎತ್ತಿಡುತ್ತಾರೆ. ತಳಿ ಅಭಿವೃದ್ಧಿ ಎಂದರೆ ಮೂಲತಃ ಇದೇ ಕೆಲಸ. ವಿಜ್ಞಾನಿಯು ಇದಕ್ಕೆ ತೂಕ, ಲೆಕ್ಕ, ವಂಶದ ದಾಖಲೆಗಳನ್ನು ಸೇರಿಸಿ, ಅದನ್ನು ಹತ್ತಾರು ಪೀಳಿಗೆಗಳವರೆಗೆ ಬಿಡದೆ ನಡೆಸುತ್ತಾನೆ.

"ಫಾರಂ ಕೋಳಿ ಬೆಳೆಯುವುದು ಹಾರ್ಮೋನಿನಿಂದ"

ನಾಟಿ ಕೋಳಿ ಒಂದೂವರೆ ಕಿಲೋ ತೂಗಲು ಐದಾರು ತಿಂಗಳು ಬೇಕು. ಬ್ರಾಯ್ಲರ್ ಕೋಳಿ 35ರಿಂದ 42 ದಿನಗಳಲ್ಲಿ ಸುಮಾರು ಎರಡು ಕಿಲೋ ತೂಗುತ್ತದೆ. ಜನರಿಗೆ ಸಂಶಯ ಬರುವುದು ಸಹಜ. ಆದರೆ ಇದಕ್ಕೆ ಕಾರಣ ಬೇರೆ. ಎದೆ ಅಗಲವಾದ ಕಾರ್ನಿಷ್ ಜಾತಿಯ ಹುಂಜದ ಕಡೆಯನ್ನೂ, ಚೆನ್ನಾಗಿ ಮೊಟ್ಟೆಯಿಡುವ ಪ್ಲಿಮತ್ ರಾಕ್ ಜಾತಿಯ ಹೇಟೆಯ ಕಡೆಯನ್ನೂ ಬೇರೆಬೇರೆಯಾಗಿ ಹಲವು ದಶಕಗಳ ಕಾಲ ಆಯ್ಕೆ ಮಾಡಿ, ಕೊನೆಗೆ ಎರಡನ್ನೂ ಕೂಡಿಸಿ ಪಡೆದ ಮರಿಯೇ ಬ್ರಾಯ್ಲರ್.

ಇದನ್ನು ಸ್ಪಷ್ಟಪಡಿಸುವ ಪ್ರಯೋಗವೊಂದರ ಫಲಿತಾಂಶವನ್ನು ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. 1957ರ ಹಾಗೂ 1978ರ ಹಳೆಯ ತಳಿಗಳನ್ನು ಅಲ್ಲಿ ಬದಲಾಯಿಸದೆ ಉಳಿಸಿಕೊಂಡು ಬರಲಾಗಿತ್ತು. ಅವನ್ನು 2005ರ ಬ್ರಾಯ್ಲರ್ ತಳಿಯೊಂದಿಗೆ ಒಂದೇ ಬಗೆಯ ಆಹಾರ ಕೊಟ್ಟು ಸಾಕಲಾಯಿತು. 56ನೆಯ ದಿನ 1957ರ ಕೋಳಿ ಸರಾಸರಿ 905 ಗ್ರಾಂ, 1978ರದು 1,808 ಗ್ರಾಂ, 2005ರದು 4,202 ಗ್ರಾಂ ತೂಗಿದವು. ಆಹಾರ ಒಂದೇ ಆದ ಮೇಲೆ ಈ ವ್ಯತ್ಯಾಸ ಬಂದದ್ದು ತಳಿಯಿಂದ.

ಹಾರ್ಮೋನ್ ಕೊಡುವುದು ಲಾಭದಾಯಕವೂ ಅಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಆಹಾರದಲ್ಲಿ ಬೆರೆಸಿದರೆ ಬೇಳೆಯಂತೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ನುಂಗದೆ ಚುಚ್ಚಿಸಿಕೊಳ್ಳುವುದು ಇದೇ ಕಾರಣಕ್ಕೆ. ಇನ್ನು, ಹತ್ತು ಸಾವಿರ ಕೋಳಿಗಳ ಮನೆಯಲ್ಲಿ ಒಂದೊಂದನ್ನೂ ಹಿಡಿದು ಮತ್ತೆ ಮತ್ತೆ ಚುಚ್ಚುವ ಕೂಲಿಯನ್ನು ಯಾವ ರೈತ ಭರಿಸಬಲ್ಲ? ಮರಿಗಳಿಗೆ ಕಣ್ಣಿಗೆ ಹನಿ ಹಾಕುವುದು, ನೀರಿನಲ್ಲಿ ಔಷಧಿ ಕೊಡುವುದು ನಿಜ. ಅದು ಕೊಕ್ಕರೆ ರೋಗ, ಗಂಬೋರೊ ರೋಗಗಳನ್ನು ತಡೆಯುವ ಲಸಿಕೆ.

ಅಂಗಡಿಗಳಲ್ಲಿ ಮಾರುವ ಬ್ರಾಯ್ಲರ್ ಕೋಳಿ ಕುಲಾಂತರಿಯೂ ಅಲ್ಲ.

ನಿಜವಾಗಿ ಎಚ್ಚರ ವಹಿಸಬೇಕಾದ ಸಂಗತಿಗಳು

ಹಾರ್ಮೋನಿನ ಭಯ ಸುಳ್ಳೆಂದ ಮಾತ್ರಕ್ಕೆ ಬೇರೆ ದೋಷಗಳಿಲ್ಲ ಎಂದಲ್ಲ. ಅತಿವೇಗದ ಬೆಳವಣಿಗೆಯಿಂದ ಕಾಲು ಸೋಲುವುದು, ಹೃದಯದ ತೊಂದರೆ, ಬೇಸಿಗೆಯ ಬಿಸಿಲಿಗೆ ಸಾಯುವುದು ಬ್ರಾಯ್ಲರ್‌ಗಳಲ್ಲಿ ಕಂಡುಬರುತ್ತದೆ. ಆ್ಯಂಟಿಬಯೋಟಿಕ್‌ಗಳ ದುರ್ಬಳಕೆ ಇನ್ನೂ ದೊಡ್ಡ ಸಮಸ್ಯೆ. ಇದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುತ್ತವೆ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧಿಯನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಪಶುವೈದ್ಯರ ಸಲಹೆಯಿಲ್ಲದೆ ಆ್ಯಂಟಿಬಯೋಟಿಕ್ ಕೊಡಬಾರದು. ಕೊಟ್ಟಲ್ಲಿ, ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಕೋಳಿಗಳನ್ನು ಮಾರಬಾರದು.

"ಹೈಬ್ರಿಡ್ ಬೀಜ ಹುಟ್ಟುವುದಿಲ್ಲ"

ಇಲ್ಲಿ ಗೊಂದಲವಿರುವುದು ಹೆಸರಿನಲ್ಲಿ. ಬಯಲುಸೀಮೆಯಲ್ಲಿ ಹೊಸ ರಾಗಿಯನ್ನೆಲ್ಲ 'ಹೈಬ್ರಿಡ್ ರಾಗಿ' ಎನ್ನುವ ರೂಢಿ ಇದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೆ ಆಫ್ರಿಕದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ತಂದರು. ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ಆ ಹೆಸರು. ಮುಂದೆ ಇಂಡಾಫ್-5, ಇಂಡಾಫ್-9ರ ವಂಶದಿಂದಲೇ, ಬೆಂಕಿ ರೋಗವನ್ನು ತಡೆಯುವ ಜಿ.ಪಿ.ಯು.-28 ಬಂದಿತು. ಇವು ಸಂಕರಣದಿಂದ ಹುಟ್ಟಿದರೂ ಅನೇಕ ಪೀಳಿಗೆಗಳ ಆಯ್ಕೆಯಿಂದ ಸ್ಥಿರಗೊಂಡ ತಳಿಗಳು. ರಾಗಿ ಸ್ವಪರಾಗಸ್ಪರ್ಶದ ಬೆಳೆಯಾದುದರಿಂದ ಮಗಳು ತಾಯಿಯಂತೆಯೇ ಇರುತ್ತಾಳೆ. ಬೆರಕೆಯಿಲ್ಲದಂತೆ ಎತ್ತಿಟ್ಟ ಬೀಜವನ್ನು ಎರಡು ಮೂರು ವರ್ಷ ಧಾರಾಳವಾಗಿ ಬಿತ್ತಬಹುದು.

ಮುಸುಕಿನ ಜೋಳ, ಸೂರ್ಯಕಾಂತಿ, ಟೊಮ್ಯಾಟೊ, ಹತ್ತಿಗಳ ಹೈಬ್ರಿಡ್ ಬೇರೆ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ಕೊಟ್ಟ 'ವರಲಕ್ಷ್ಮಿ' ಹತ್ತಿ ಎರಡು ಬೇರೆ ಪ್ರಭೇದಗಳ ಹತ್ತಿಯನ್ನು ಕೂಡಿಸಿ ಪಡೆದದ್ದು. ಇದರ ಬೀಜಕ್ಕಾಗಿ ಪ್ರತಿ ಸಲವೂ ಹೆಣ್ಣು ಗಿಡದ ಹೂವಿನ ಕೇಸರ ತೆಗೆದು, ಗಂಡು ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸಬೇಕು. ಬೆಲೆ ಹೆಚ್ಚಾಗಲು ಇದೂ ಒಂದು ಕಾರಣ. ಇಂಥ ಬೆಳೆಯಿಂದ ಉಳಿಸಿದ ಬೀಜವೂ ಮೊಳೆಯುತ್ತದೆ. ಆದರೆ ತಂದೆ ತಾಯಿಯರ ಗುಣಗಳು ಎರಡನೆಯ ಪೀಳಿಗೆಯಲ್ಲಿ ಬೇರ್ಪಟ್ಟು, ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ, ಒಂದು ಬೇಗ, ಒಂದು ತಡ ಎಂದಾಗಿ ಇಳುವರಿ ಕುಸಿಯುತ್ತದೆ. ಇದು ಪ್ರಕೃತಿಯ ನಿಯಮವೇ ಹೊರತು ಔಷಧಿಯ ಪ್ರಭಾವವಲ್ಲ.

ಬ್ರಾಯ್ಲರ್ ಕೋಳಿಗೂ ಇದೇ ನಿಯಮ. ಮಾರಾಟದ ಬ್ರಾಯ್ಲರ್‌ಗಳನ್ನೇ ಉಳಿಸಿ ಮರಿ ಮಾಡಿಸಿದರೆ ಮೊದಲಿನ ಬೆಳವಣಿಗೆ ಒಂದೇ ಸಮನಾಗಿ ಬರುವುದಿಲ್ಲ. ಹಿತ್ತಿಲಲ್ಲಿ ಸಾಕುವವರಿಗೆಂದೇ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ನಂತರದ ಸ್ವರ್ಣಧಾರ ಕೋಳಿಗಳ ಮರಿಗಳನ್ನೂ ಮೂಲ ಕೇಂದ್ರದಿಂದಲೇ ತರುವುದು ಲೇಸು.

ಹೈಬ್ರಿಡ್ಡೂ ಕುಲಾಂತರಿಯೂ ಒಂದೇ ಅಲ್ಲ

ಹೈಬ್ರಿಡ್‌ನಲ್ಲಿ ಆಗುವುದು ಪರಾಗಸ್ಪರ್ಶ. ಕುಲಾಂತರಿಯಲ್ಲಿ ಪ್ರಯೋಗಾಲಯದಲ್ಲಿ ಬೇರೊಂದು ಜೀವಿಯ ಗುಣಾಣುವನ್ನು ಸೇರಿಸಲಾಗುತ್ತದೆ. 2002ರಲ್ಲಿ ದೇಶದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಗೆ ಮಣ್ಣಿನ ಬ್ಯಾಕ್ಟೀರಿಯಾದ ಗುಣಾಣುವನ್ನು ಸೇರಿಸಲಾಗಿದೆ. ಬಿ.ಟಿ. ಬದನೆಯನ್ನು 2010ರಲ್ಲಿ ತಡೆಹಿಡಿಯಲಾಯಿತು. ಮಾರುಕಟ್ಟೆಯ ಹೈಬ್ರಿಡ್ ಟೊಮ್ಯಾಟೊ, ಹೈಬ್ರಿಡ್ ರಾಗಿ ಎನ್ನುವವು ಕುಲಾಂತರಿಗಳಲ್ಲ.

ರೈತರು ನೆನಪಿಡಬೇಕಾದುದು

ಬೀಜ ಕೊಳ್ಳುವಾಗ 'ಇದು ತಳಿಯೋ, ಹೈಬ್ರಿಡ್ಡೋ?' ಎಂದು ಮೊದಲು ಕೇಳಬೇಕು. ತಳಿಯಾದರೆ ಬೀಜ ಉಳಿಸಬಹುದು, ಹೈಬ್ರಿಡ್ ಆದರೆ ಪ್ರತಿ ವರ್ಷ ಹೊಸದನ್ನೇ ತರಬೇಕು. ಚೀಲದ ಮೇಲಿನ ಚೀಟಿಯನ್ನು ನೋಡಬೇಕು; ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ರಶೀದಿ ಮತ್ತು ಚೀಟಿಗಳನ್ನು ಕಟಾವಿನವರೆಗೆ ಜೋಪಾನವಾಗಿಡಬೇಕು. ಕೋಳಿ ಸಾಕುವವರು ಲಸಿಕೆ ಹಾಗೂ ಔಷಧಿಗಳ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಗಿರಾಕಿಯ ಸಂಶಯಕ್ಕೆ ಬಾಯಿಮಾತಿಗಿಂತ ಆ ಪುಸ್ತಕವೇ ಒಳ್ಳೆಯ ಉತ್ತರವಾಗುತ್ತದೆ.