ಕಷ್ಟಕಾಲದ ದಾಸೋಹ

(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶರಣ ಬಂಧುಗಳು ಸೇರಿದ್ದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ನನಗೆ ಕೊಟ್ಟ ವಿಷಯ "ಕಷ್ಟಕಾಲದಲ್ಲಿ ದೇವರ ಕೃಪೆ". ಈ ಮಾತನ್ನು ಹೊಟ್ಟೆ ತುಂಬಿದವರ ಮುಂದೆ ಆಡುವುದು ಸುಲಭ. ನಮ್ಮ ಭಾಗದಲ್ಲಿ ಆಡುವುದು ಕಷ್ಟ. ಯಾಕೆಂದರೆ ಎದುರಿಗೆ ಕುಳಿತವರಲ್ಲಿ ಒಬ್ಬರಾದರೂ ಎದ್ದು ನಿಂತು, "ಮಳಿ ಹೆಚ್ಚಾಗಿ ಬೆಳಿ ಹೋತು, ಬ್ಯಾಂಕಿನ ಸಾಲ ಹಂಗೇ ನಿಂತದ, ದೇವರು ನಮಗೇನು ಕೊಟ್ಟಾನ್ರಿ?" ಎಂದು ಕೇಳಬಹುದು. ಆ ಪ್ರಶ್ನೆ ತಪ್ಪಲ್ಲ. ಅದು ನಾಸ್ತಿಕರ ಪ್ರಶ್ನೆಯೂ ಅಲ್ಲ. ನೊಂದ ಭಕ್ತನ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಕೃಪೆಯ ಮಾತು ಆಡಿದರೆ ಅದು ಬರೀ ಪುರಾಣವಾಗುತ್ತದೆ.

ನಮ್ಮ ಮೂರೂ ತಾಲ್ಲೂಕುಗಳನ್ನು ಒಂದು ನೀರು ಕಟ್ಟಿಹಾಕಿದೆ. ಆಳಂದ ತಾಲ್ಲೂಕಿನ ಅಮರ್ಜಾ ಹರಿದು ಬಂದು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಆ ಭೀಮೆ ಮುಂದೆ ಜೇವರ್ಗಿಯ ಕಡೆಗೆ ಸಾಗುತ್ತಾಳೆ. ಈ ನೀರು ಕೊಟ್ಟದ್ದೂ ಉಂಟು, ಕಸಿದದ್ದೂ ಉಂಟು. 2020ನೆಯ ವರ್ಷವನ್ನು ನೆನಪು ಮಾಡಿಕೊಳ್ಳಿ. ಕೊರೊನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ಆ ಮಾರ್ಚ್ ತಿಂಗಳಲ್ಲಿ, ನಮ್ಮ ಕಲಬುರಗಿಯಲ್ಲಿ. ಮುಂಬೈ, ಪುಣೆಗೆ ಗುಳೆ ಹೋದ ನಮ್ಮ ಮಕ್ಕಳು ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ಅದು ಸಾಲದು ಎಂಬಂತೆ ಅಕ್ಟೋಬರದಲ್ಲಿ ಭೀಮೆ ಉಕ್ಕಿದಳು. ನದಿ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಜನ ದನಕರು ಹಿಡಿದುಕೊಂಡು ಕಾಳಜಿ ಕೇಂದ್ರ ಸೇರಿದರು. ಎರಡು ವರ್ಷ ಕಳೆಯುತ್ತಿದ್ದಂತೆ, 2022ರಲ್ಲಿ, ತೊಗರಿಗೆ ನೆಟೆ ರೋಗ ಬಂತು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತು. ನಮ್ಮ ತೊಗರಿ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಹೆಸರು ದೇಶಕ್ಕೆ ಮುಟ್ಟಿತು, ರೈತನ ಕಣಜ ಮಾತ್ರ ಬರಿದಾಯಿತು.

ಇಂಥ ಹೊತ್ತಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇದು ದೇವರ ಸಿಟ್ಟು, ಹಿಂದಿನ ಜನ್ಮದ ಪಾಪ" ಎಂಬುದು. ಇನ್ನೊಂದು, "ದೇವರೇ ಇಲ್ಲ, ಇದ್ದರೆ ಹೀಗಾಗುತ್ತಿರಲಿಲ್ಲ" ಎಂಬುದು. ಶರಣ ಧರ್ಮ ಈ ಎರಡನ್ನೂ ಒಪ್ಪುವುದಿಲ್ಲ. ನೆಟೆ ರೋಗ ಬರುವುದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಒಂದು ಶಿಲೀಂಧ್ರದಿಂದ. ಅದು ಪಾಪಿಯ ಹೊಲ, ಪುಣ್ಯವಂತನ ಹೊಲ ಎಂದು ನೋಡುವುದಿಲ್ಲ. ಪ್ರವಾಹ ಬರುವುದು ಮೇಲಿನ ಮಳೆಯಿಂದ, ತುಂಬಿದ ಜಲಾಶಯಗಳಿಂದ. ನೊಂದವನ ಮನೆಗೆ ಹೋಗಿ ಅವನ ಪಾಪದ ಲೆಕ್ಕ ಹೇಳುವವನು ಗಾಯಕ್ಕೆ ಉಪ್ಪು ಸವರುತ್ತಾನೆ. ಬಸವಾದಿ ಶರಣರು ಕರ್ಮದ ಭಾರವನ್ನು ಜನರ ಹೆಗಲಿನಿಂದ ಇಳಿಸಲು ಬಂದವರು, ಹೊರಿಸಲು ಬಂದವರಲ್ಲ.

ಹಾಗಾದರೆ ಕೃಪೆ ಎಂದರೇನು? ಶರಣರು ಇದಕ್ಕೆ ಕೊಟ್ಟ ಹೆಸರು ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು ಎಂದು ನಮಗೆಲ್ಲ ಬಾಯಿಪಾಠ ಇದೆ. ಅದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೊಲದಿಂದ ಬಂದ ಜೋಳ, ಅಂಗಡಿಯಿಂದ ತಂದ ಬೆಲ್ಲ, ದುಡಿದು ತಂದ ಕೂಲಿ, ಇವೆಲ್ಲ ಪದಾರ್ಥ. ಪದಾರ್ಥಕ್ಕೆ ಒಡೆಯ ಇರುತ್ತಾನೆ. "ಇದು ನನ್ನದು" ಎಂಬ ಮಾತು ಅದಕ್ಕೆ ಅಂಟಿಕೊಂಡಿರುತ್ತದೆ. ಅದೇ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿದಾಗ ಅದು ಪ್ರಸಾದ. ರೊಟ್ಟಿ ಬದಲಾಗುವುದಿಲ್ಲ, ಅದರ ತೂಕವೂ ಹೆಚ್ಚುವುದಿಲ್ಲ. ಬದಲಾಗುವುದು ಒಡೆತನ. "ನನ್ನದು" ಎಂಬುದು ಹೋಗಿ "ನನಗೆ ಬಂದದ್ದು" ಎಂಬುದು ಉಳಿಯುತ್ತದೆ. ಬಂದದ್ದು ಎಂದಮೇಲೆ ಅದು ಮುಂದೆ ಹೋಗಲೇಬೇಕು. ಬಂದದ್ದನ್ನು ತನ್ನಲ್ಲೇ ಕಟ್ಟಿ ನಿಲ್ಲಿಸಿದರೆ ಅದು ಮತ್ತೆ ಪದಾರ್ಥವೇ ಆಗುತ್ತದೆ.

ಈಗ ಆ ನೊಂದ ರೈತನ ಪ್ರಶ್ನೆಗೆ ಬರೋಣ. ಬೆಳೆ ಹೋದದ್ದು ಕೃಪೆ ಎಂದು ನಾನು ಹೇಳುವುದಿಲ್ಲ. ನಷ್ಟ ನಷ್ಟವೇ. ಆದರೆ ಆ ನಷ್ಟದ ನಡುವೆಯೂ ಉಳಿದದ್ದು ಏನು ಎಂದು ನೋಡುವ ಕಣ್ಣು ಬೇಕು. ದುಡಿಯುವ ಕೈ ಉಳಿದಿದೆ. ಜೊತೆಗೆ ಅಳುವ ಹೆಂಡತಿ ಮಕ್ಕಳು ಇದ್ದಾರೆ. ನೆರೆಮನೆಯವರು ತಂದಿಟ್ಟ ಎರಡು ರೊಟ್ಟಿ ಇದೆ. ಮುಂದಿನ ಮುಂಗಾರು ಇದೆ. ಇವು ಸಣ್ಣವು ಎಂದು ಅನಿಸುತ್ತವೆ. ಇವು ಸಣ್ಣವು ಎಂದುಕೊಂಡು, ಬದುಕಿಗೆ ಅರ್ಥವೇ ಇಲ್ಲವೆಂದು ಜೀವ ಕಳೆದುಕೊಂಡ ರೈತರ ಮನೆಗಳು ನಮ್ಮ ಭಾಗದಲ್ಲಿ ಇವೆ. ಆ ಮನೆಯ ತಾಯಿಯನ್ನು ಕೇಳಿ ನೋಡಿ. ಹೋದ ಬೆಳೆ ಆಕೆಗೆ ದೊಡ್ಡದಲ್ಲ, ಹೋದ ಜೀವ ದೊಡ್ಡದು. ಅದಕ್ಕೇ ಹೇಳುತ್ತೇನೆ, ಉಳಿದದ್ದನ್ನು ಕೃಪೆ ಎಂದು ಗುರುತಿಸುವುದು ಬರೀ ಭಕ್ತಿಯ ಮಾತಲ್ಲ, ಜೀವ ಉಳಿಸುವ ಮಾತು.

ನಮ್ಮ ರೈತರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಎಳ್ಳಮಾವಾಸ್ಯೆ ಬಂತೆಂದರೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು ಮಾಡಿಕೊಂಡು ಮನೆ ಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ಹೊಲದ ತುಂಬ ಚರಗ ಚೆಲ್ಲುತ್ತೇವೆ. ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತೇವೆ. ಗಮನಿಸಿ, ಆ ಹೊತ್ತಿಗೆ ಹಿಂಗಾರಿ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ರಾಶಿ ಆಗಿರುವುದಿಲ್ಲ, ಕಾಳು ಮನೆಗೆ ಬಂದಿರುವುದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಆದರೂ ಮೊದಲು ನೆಲಕ್ಕೆ ಕೊಡುತ್ತೇವೆ, ಹಕ್ಕಿಗೆ ಕೊಡುತ್ತೇವೆ, ಹಾದಿಹೋಕನಿಗೆ ಕೊಡುತ್ತೇವೆ. ಲಾಭ ಬಂದಮೇಲೆ ಕೈಮುಗಿಯುವುದು ವ್ಯಾಪಾರಸ್ಥನ ಭಕ್ತಿ. ಬರುವ ಮೊದಲೇ ಹಂಚುವುದು ಒಕ್ಕಲಿಗನ ಭಕ್ತಿ.

ಈ ನೆಲದಲ್ಲಿ ಇದನ್ನು ಬದುಕಿ ತೋರಿಸಿದವರು ಮಹಾದಾಸೋಹಿ ಶರಣಬಸವೇಶ್ವರರು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದವರು. ಒಕ್ಕಲುತನದ ಮನೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ಕುಡಿಯಲು ನೀರು ಇಡುತ್ತಿದ್ದರು ಎಂದು ನಮ್ಮ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿದ್ದಾರೆ. ಊರು ಬಿಟ್ಟು ಕಲಬುರಗಿಗೆ ಬಂದಮೇಲೆ ಅವರ ಬದುಕೇ ದಾಸೋಹವಾಯಿತು. 1822ರಲ್ಲಿ ಲಿಂಗೈಕ್ಯರಾಗುವವರೆಗೂ ಅದು ನಿಲ್ಲಲಿಲ್ಲ. ಅವರ ದಾಸೋಹ ಮಹಾಮನೆಯಲ್ಲಿ ಇಂದಿಗೂ ಪ್ರಸಾದ ನಡೆದಿದೆ.

ಆ ಕಾಲ ಎಂಥದ್ದು ಎಂಬುದನ್ನೂ ನೆನೆಯಬೇಕು. ಅವರಿಗೆ ನಲವತ್ತೈದರ ಆಸುಪಾಸು ವಯಸ್ಸಾಗಿದ್ದಾಗ, 1791–92ರಲ್ಲಿ, ದಖನ್ ಪ್ರದೇಶಕ್ಕೆ ಭೀಕರ ಬರ ಬಿತ್ತು. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು. ಅದಕ್ಕೇ ಜನ ಅದನ್ನು ಡೋಗಿ ಬರ ಎಂದರು. ಶರಣಬಸವೇಶ್ವರರು ದಾಸೋಹಿ ಎನಿಸಿಕೊಂಡದ್ದು ಸುಗ್ಗಿಯ ಕಾಲದಲ್ಲಿ ಅಲ್ಲ, ಇಂಥ ಬರಗಳನ್ನು ಕಂಡ ಕಾಲದಲ್ಲಿ. ಅವರ ಬಗ್ಗೆ ಪವಾಡದ ಕಥೆಗಳು ಬಹಳ ಇವೆ. ನನಗೆ ಕಾಣುವ ಪವಾಡ ಒಂದೇ: ನಾಳೆಗೆ ಇದೆಯೋ ಇಲ್ಲವೋ ಎಂಬ ಭಯ ಎಲ್ಲರನ್ನೂ ಹಿಡಿದಾಗ ಒಬ್ಬ ಮನುಷ್ಯ ಬಾಗಿಲು ಹಾಕಿಕೊಳ್ಳಲಿಲ್ಲ. ಇದನ್ನು ನಾವೂ ಮಾಡಬಹುದು. ಪವಾಡದ ಕಥೆ ಹೇಳಿ ಕೈಮುಗಿದು ಮನೆಗೆ ಹೋದರೆ ಅವರು ದೂರವೇ ಉಳಿಯುತ್ತಾರೆ.

ಇನ್ನು ವಿನಯದ ಮಾತು. ಪಂಚಾಚಾರಗಳಲ್ಲಿ ಭೃತ್ಯಾಚಾರ ಎಂದು ಒಂದಿದೆ. ಅದರ ಮೇಲೆ ಉಪನ್ಯಾಸಗಳು ಕಡಿಮೆ, ಆಚರಣೆ ಇನ್ನೂ ಕಡಿಮೆ. ಶಿವಶರಣರೆಲ್ಲ ಹಿರಿಯರು, ನಾನು ಅವರ ಸೇವಕ ಎಂಬ ನಡೆ ಅದು. ದಾನಕ್ಕೂ ದಾಸೋಹಕ್ಕೂ ಇರುವ ಅಂತರ ಇಲ್ಲಿದೆ. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಉಣ್ಣಲು ಬಂದವನು ಜಂಗಮ, ಅವನು ಬಂದದ್ದೇ ಉಪಕಾರ. ಹೀಗಿರುವಾಗ, ನೆರೆ ಸಂತ್ರಸ್ತರಿಗೆ ಒಂದು ಕಿಟ್ ಕೊಟ್ಟು ಐದು ಜನ ಅದನ್ನು ಹಿಡಿದು ಫೋಟೊ ತೆಗೆಸಿಕೊಳ್ಳುವುದು ಯಾವ ಆಚಾರ? ತೆಗೆದುಕೊಳ್ಳುವ ತಾಯಿ ಸೆರಗಿನಿಂದ ಮುಖ ಮರೆಮಾಡಿಕೊಳ್ಳುತ್ತಾಳಲ್ಲ, ಆ ಸೆರಗು ನಮಗೆ ಒಂದು ಪಾಠ ಹೇಳುತ್ತದೆ. ಮಠಗಳ ಕೋಣೆಯ ಗೋಡೆಗೆ, ಫ್ಯಾನಿನ ರೆಕ್ಕೆಗೆ ಸಹ ದಾನಿಗಳ ಹೆಸರು ಬರೆಸುತ್ತೇವೆ. ಲಿಂಗಕ್ಕೆ ಅರ್ಪಿಸಿದ ಮೇಲೆ ಹೆಸರು ಯಾರದು?

ಪಂಕ್ತಿಯ ವಿಷಯವನ್ನೂ ಬಿಡುವ ಹಾಗಿಲ್ಲ. ಜಾತಿ ನೋಡಿ ಕೂರಿಸುವ ಊಟ, ದೊಡ್ಡವರಿಗೆ ಒಳಗೆ ಬಡವರಿಗೆ ಹೊರಗೆ ಬಡಿಸುವ ಊಟ, ಅದಕ್ಕೆ ಎಷ್ಟು ತುಪ್ಪ ಹಾಕಿದರೂ ಪ್ರಸಾದ ಆಗುವುದಿಲ್ಲ. ಕಲ್ಯಾಣದ ಮಹಾಮನೆ ಎಲ್ಲರಿಗೂ ತೆರೆದಿತ್ತು ಎಂದು ಭಾಷಣ ಮಾಡಿ, ನಮ್ಮೂರ ಮನೆಯ ಬಾಗಿಲನ್ನು ಅರ್ಧ ಮುಚ್ಚಿದರೆ ಬಸವಣ್ಣನವರು ನಮ್ಮ ಜೊತೆ ಇರುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ಜಂಗಮ ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ತಂದ ಜಾಗದಲ್ಲೇ ಹಾಕಿ ಬರಲು ಹೇಳಿದಳು. ಈ ಕಥೆಯನ್ನು ನಾವು ಕಾಯಕ ನಿಷ್ಠೆಗಾಗಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಅವರಿಗಿಂತ ಬಡವರು ಕಲ್ಯಾಣದಲ್ಲಿ ಇರಲಿಕ್ಕಿಲ್ಲ. ಆದರೂ "ನಮ್ಮ ಹತ್ತಿರ ಏನಿದೆ ಕೊಡಲಿಕ್ಕೆ" ಎಂದು ಅವರು ಅನ್ನಲಿಲ್ಲ. ದಾಸೋಹಕ್ಕೆ ಸಿರಿತನ ಬೇಕಿಲ್ಲ. ನಾಳೆಯ ಭಯಕ್ಕೆ ಕೂಡಿಡುವ ಆಸೆಯನ್ನು ಗೆದ್ದರೆ ಸಾಕು.

ಕೊಡುವವರಿಗೆ ವಿನಯ ಬೇಕು ಎಂದೆ. ತೆಗೆದುಕೊಳ್ಳುವವರಿಗೂ ಒಂದು ಮಾತು ಇದೆ. ನಮ್ಮ ರೈತರು ಮಾನಕ್ಕೆ ಅಂಜುವವರು. ಮನೆಯಲ್ಲಿ ಹಿಟ್ಟು ಇಲ್ಲದಿದ್ದರೂ ಒಲೆ ಹಚ್ಚಿ ಹೊಗೆ ತೋರಿಸುವವರು. ಕಷ್ಟ ಹೇಳಿಕೊಳ್ಳುವುದು ಅವಮಾನವಲ್ಲ, ಅಣ್ಣಂದಿರೆ. ಇಂದು ನೀವು ಒಬ್ಬರ ಮನೆಯ ರೊಟ್ಟಿ ತಿಂದರೆ ಅದೂ ಪ್ರಸಾದವೇ. ನಾಳೆ ನಿಮ್ಮ ಕೈಯಿಂದ ಅದು ಮತ್ತೊಬ್ಬರಿಗೆ ಹೋಗುತ್ತದೆ. ಎಲ್ಲವನ್ನೂ ನಾನೊಬ್ಬನೇ ಹೊರುತ್ತೇನೆ ಎಂಬುದೂ ಒಂದು ಬಗೆಯ ಅಹಂಕಾರವೇ.

ಈಗ ಮಾಡಬೇಕಾದದ್ದನ್ನು ಹೇಳಿ ಮುಗಿಸುತ್ತೇನೆ. ದಾಸೋಹ ಎಂದರೆ ವರ್ಷಕ್ಕೊಮ್ಮೆ ಜಾತ್ರೆಯ ಹುಗ್ಗಿ ಮಾತ್ರ ಅಲ್ಲ.

ಮನೆಯಲ್ಲಿ ಹಿಟ್ಟು ನಾದುವ ತಾಯಿ ದಿನಾ ಒಂದು ಹಿಡಿ ಜೋಳ ಬೇರೆ ಡಬ್ಬಿಗೆ ಹಾಕಲಿ. ತಿಂಗಳಿಗೊಮ್ಮೆ ಓಣಿಯವರು ಅದನ್ನು ಕೂಡಿಸಿ, ಯಾರ ಮನೆಗೆ ಬೇಕೋ ಆ ಮನೆಗೆ ಕತ್ತಲಾದ ಮೇಲೆ ಸದ್ದಿಲ್ಲದೆ ಮುಟ್ಟಿಸಲಿ.

ಯಾರ ಹೊಲದಲ್ಲಿ ನೆಟೆ ರೋಗ ತಡೆದು ನಿಂತ ತೊಗರಿ ತಳಿ ಇದೆಯೋ ಅವರು ನೆರೆಹೊರೆಯವರಿಗೆ ಬೀಜ ಕೊಡಲಿ. ಬೀಜೋಪಚಾರ ಹೇಗೆ, ಒಂದೇ ಹೊಲದಲ್ಲಿ ವರ್ಷ ವರ್ಷ ತೊಗರಿಯನ್ನೇ ಹಾಕದೆ ಬೆಳೆ ಬದಲಿಸುವುದು ಹೇಗೆ ಎಂದು ಹೇಳಿಕೊಡಲಿ. ಇದು ಜ್ಞಾನ ದಾಸೋಹ.

ಓದಿದ ಹುಡುಗರು ಮೊಬೈಲಿನಲ್ಲಿ ಕಳೆಯುವ ಹೊತ್ತಿನಲ್ಲಿ ಒಂದು ತಾಸು ಊರಿಗೆ ಕೊಡಲಿ. ಮಳೆ ನೀರು ಹೊಲಕ್ಕೆ ನುಗ್ಗಿ ಬೆಳೆ ಹಾಳಾದರೆ 72 ತಾಸಿನೊಳಗೆ ವಿಮೆಯವರಿಗೆ ತಿಳಿಸಬೇಕು ಎಂಬ ನಿಯಮ ಎಷ್ಟು ರೈತರಿಗೆ ಗೊತ್ತು? ಅಕ್ಷರ ಬಾರದ ಅಜ್ಜನ ಪರವಾಗಿ ಒಂದು ಅರ್ಜಿ ತುಂಬಿಕೊಡುವುದು ಕೂಡ ಲಿಂಗಪೂಜೆಯೇ.

ಎತ್ತು ಇಲ್ಲದವರಿಗೆ ಎತ್ತು, ಆಳಿಲ್ಲದವರಿಗೆ ಮುಯ್ಯಾಳು, ಮೇವಿಲ್ಲದ ದನಕ್ಕೆ ಒಂದು ಹೊರೆ ಕಣಕಿ. ಇವೆಲ್ಲ ನಮ್ಮ ಹಿರಿಯರು ಮಾಡುತ್ತ ಬಂದವು. ಕೂಲಿ, ಬಾಡಿಗೆಯ ಲೆಕ್ಕದಲ್ಲಿ ನಾವು ಮರೆತಿದ್ದೇವೆ. ಸಾಲದಿಂದ ಕುಗ್ಗಿದವನ ಮನೆಗೆ ಹೋಗಿ ಅರ್ಧ ತಾಸು ಕೂರುವುದಂತೂ ಒಂದು ಪೈಸೆ ಖರ್ಚಿಲ್ಲದ ದಾಸೋಹ. ಅದರಿಂದ ಒಂದು ಜೀವ ಉಳಿಯಬಹುದು.

ಶರಣ ಬಂಧುಗಳೆ, ನಮಗೆ ಬಂದ ದೊಡ್ಡ ಪ್ರಸಾದ ವಚನಗಳು. ಕಲ್ಯಾಣದಲ್ಲಿ ರಕ್ತ ಹರಿದ ದಿನಗಳಲ್ಲಿ ಶರಣರು ಅವನ್ನು ಉಳಿಸಿದರು. ಐನೂರು ವರ್ಷಗಳ ಮೇಲೆ, 17ನೆಯ ಶತಮಾನದಲ್ಲಿ, ಜೇವರ್ಗಿಯ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದು ಆ ದೀಪಕ್ಕೆ ಎಣ್ಣೆ ಎರೆದರು. 1923ರಲ್ಲಿ ವಚನಶಾಸ್ತ್ರಸಾರ ಹೊರತಂದ ಫ.ಗು. ಹಳಕಟ್ಟಿಯವರು ಈ ಕೆಲಸಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಬಾಡಿಗೆ ಮನೆಯಲ್ಲಿ ಬದುಕಿದರು. ಯಾರೂ ಅನುಕೂಲ ಬರಲಿ, ಆಮೇಲೆ ಕೊಡೋಣ ಎಂದು ಕಾಯಲಿಲ್ಲ. ಕಾದಿದ್ದರೆ ಇಂದು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಈ ವರ್ಷದ ರಾಶಿ ಹೇಗೆ ಬರುತ್ತದೋ ನಾವು ಬಲ್ಲವರಲ್ಲ. ಬಂದಷ್ಟನ್ನು ಪ್ರಸಾದ ಎಂದು ಹಣೆಗೊತ್ತಿಕೊಳ್ಳೋಣ. ಅದರಲ್ಲಿ ಒಂದು ಪಾಲು ಬೇರೆಯವರದು ಎಂದು ಕಣದಲ್ಲೇ ತೆಗೆದಿಡೋಣ. ಕೊಡುವಾಗ ತಲೆ ತಗ್ಗಿಸಿ ಕೊಡೋಣ. ಇಷ್ಟು ನಡೆದರೆ ಅಮರ್ಜಾ, ಭೀಮೆಯರ ದಂಡೆಯ ಪ್ರತಿ ಹಳ್ಳಿಯೂ ಒಂದು ಮಹಾಮನೆ.