ಎಂಟು ತಿಂಗಳ ಲೆಕ್ಕ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ವ್ಯಾಧಿಸ್ಥರ ದಿನಾಚರಣೆಯಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಸಂಭ್ರಮದ ನಡುವೆ ಕ್ಯಾನ್ಸರಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಈ ರೋಗದ ಹೆಸರನ್ನು ಉಚ್ಚರಿಸಲೂ ಅಂಜುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ರೋಗಿಗೆ ತಿಳಿಯದಂತೆ ಮರೆಮಾಚುವುದು, ನೆರೆಹೊರೆಯವರಿಗೆ ಬರಿಯ ಹೊಟ್ಟೆನೋವೆಂದು ಹೇಳುವುದು, ಕಡೆಗೆ ವೈದ್ಯರ ಬಾಯಿಂದ ಬಂದ ‘ಇಷ್ಟು ತಿಂಗಳು’ ಎಂಬ ಮಾತನ್ನೇ ತೀರ್ಪೆಂದು ಭಾವಿಸಿ ಬದುಕಿರುವವರಿಗಾಗಿ ಅಳಲು ತೊಡಗುವುದು, ಇವೆಲ್ಲವನ್ನೂ ನಾವು ಕಂಡಿದ್ದೇವೆ. ಆ ಲೆಕ್ಕದ ನಿಜವಾದ ಅರ್ಥವನ್ನು ಒಬ್ಬ ರೋಗಿಯೇ ಬಿಡಿಸಿ ಹೇಳಿದ್ದಾರೆ. ಅದನ್ನು ನಿಮ್ಮ ಮುಂದಿಡುವುದು ಇಂದಿನ ಉದ್ದೇಶ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಸ್ಟೀಫನ್ ಜೇ ಗೂಲ್ಡ್ ಪಳೆಯುಳಿಕೆಗಳ ಶಾಸ್ತ್ರದಲ್ಲಿ ಜಗದ್ವಿಖ್ಯಾತರು. ಯೆಹೂದ್ಯ ಮನೆತನದವರು; ದೇವರ ವಿಷಯದಲ್ಲಿ ತಮ್ಮನ್ನು ಅಜ್ಞೇಯತಾವಾದಿಯೆಂದು ಕರೆದುಕೊಂಡವರು. ದೇವಾಲಯದ ವೇದಿಕೆಯಲ್ಲಿ ಇವರ ಹೆಸರೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಿಕೊಳ್ಳಬೇಕು. 1982ರ ಜುಲೈ ತಿಂಗಳಲ್ಲಿ, ಅವರ 40ನೆಯ ವಯಸ್ಸಿನಲ್ಲಿ, ಉದರದ ಒಳಪೊರೆಗೆ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ತಗಲಿರುವುದು ಕಂಡುಬಂದಿತು. ಕಲ್ನಾರಿನ ಧೂಳಿನೊಡನೆ ಸಂಬಂಧವಿರುವ ಘೋರ ವ್ಯಾಧಿಯಿದು. ಶಸ್ತ್ರಚಿಕಿತ್ಸೆಯಾದ ಬಳಿಕ, ಈ ರೋಗದ ಬಗ್ಗೆ ಏನನ್ನು ಓದಲಿ ಎಂದು ಅವರು ತಮ್ಮ ವೈದ್ಯೆಯನ್ನು ಕೇಳಿದರು. ಓದಲು ಯೋಗ್ಯವಾದುದು ಏನೂ ಇಲ್ಲವೆಂದು ಆಕೆ ನಯವಾಗಿ ತಪ್ಪಿಸಿಕೊಂಡರು. ವಿದ್ವಾಂಸನಿಗೆ ಓದಬೇಡವೆಂದರೆ ಕೇಳುತ್ತಾನೆಯೇ? ನಡೆದಾಡುವಂತಾದೊಡನೆ ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿ ಹುಡುಕಿದರು. ರೋಗಕ್ಕೆ ಮದ್ದಿಲ್ಲ, ಪತ್ತೆಯಾದಂದಿನಿಂದ ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಕಾಲು ಗಂಟೆ ದಿಗ್ಭ್ರಾಂತರಾಗಿ ಕುಳಿತರು. ಅನಂತರ ಯೋಚಿಸತೊಡಗಿದರು.

ಮಧ್ಯಾಂಕವೆಂದರೇನು? ಈ ರೋಗ ತಗಲಿದವರನ್ನೆಲ್ಲಾ, ಬದುಕಿದ ದಿನಗಳ ಕ್ರಮದಲ್ಲಿ, ನಮ್ಮ ಉತ್ಸವದ ಮೆರವಣಿಗೆಯಂತೆ ಸಾಲಾಗಿ ನಿಲ್ಲಿಸಿರೆಂದು ಭಾವಿಸಿರಿ. ನಟ್ಟನಡುವೆ ನಿಂತವನು ಬದುಕಿದ್ದು ಎಂಟು ತಿಂಗಳು. ಅವನ ಮುಂದಿರುವ ಅರ್ಧ ಜನರು ಅದಕ್ಕಿಂತ ಬೇಗ ತೀರಿಕೊಂಡರು. ಅವನ ಹಿಂದಿರುವ ಅರ್ಧ ಜನರು? ಅವರು ಒಂಬತ್ತು ತಿಂಗಳು ಬದುಕಿರಬಹುದು, ಒಂಬತ್ತು ವರ್ಷವೂ ಬದುಕಿರಬಹುದು. ಮುಂದಿನವರಿಗೆ ಸೊನ್ನೆಯೇ ಗಡಿ, ಇಕ್ಕಟ್ಟು. ಹಿಂದಿನವರ ಸಾಲಿನ ಬಾಲ ಮಾತ್ರ ಬಹು ದೂರದವರೆಗೆ ಚಾಚಿಕೊಂಡಿರುತ್ತದೆ. ಗೂಲ್ಡರು ಕೇಳಿಕೊಂಡ ಪ್ರಶ್ನೆ ಇದು: ಆ ಬಾಲದಲ್ಲಿ ನನಗೆ ಸ್ಥಳ ಸಿಗದೆಂದು ಹೇಳಿದವರಾರು? ವಯಸ್ಸು ಚಿಕ್ಕದು, ರೋಗ ಬೇಗ ಪತ್ತೆಯಾಗಿದೆ, ಉತ್ತಮ ಚಿಕಿತ್ಸೆ ದೊರೆಯುತ್ತಿದೆ, ಬದುಕಬೇಕೆಂಬ ಆಸೆ ಬಲವಾಗಿದೆ. ಇದನ್ನೆಲ್ಲಾ ಅವರು 1985ರಲ್ಲಿ ‘ಡಿಸ್ಕವರ್’ ಪತ್ರಿಕೆಯ ಲೇಖನವೊಂದರಲ್ಲಿ ಬರೆದರು. ಎಲ್ಲಕ್ಕೂ ಕಾಲವುಂಟೆಂಬ ಉಪದೇಶಕನ ಮಾತನ್ನು ಒಪ್ಪಿಕೊಂಡೇ, ಸಾವನ್ನು ಶತ್ರುವೆಂದು ಎಣಿಸಿ ಹೋರಾಡುವುದೂ ಗೌರವದ ಮಾರ್ಗವೆಂದು ಅದರಲ್ಲಿ ವಾದಿಸಿದ್ದಾರೆ. ಸಂತ ಪೌಲರೂ ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದಲ್ಲಿ ಮೃತ್ಯುವನ್ನು ಶತ್ರುಗಳ ಸಾಲಿನಲ್ಲಿಯೇ ಇರಿಸಿದ್ದಾರೆ. ಹುಬ್ಬೇರಿಸಿದವರು ಈಗ ಇಳಿಸಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೂಲ್ಡರು ಮನೋಬಲವೊಂದನ್ನೇ ನಂಬಿ ಮನೆಯಲ್ಲಿ ಕುಳಿತವರಲ್ಲ. ಕತ್ತಿಯ ನೋವು, ಔಷಧಗಳ ವಾಂತಿ, ಇನ್ನೂ ಪ್ರಯೋಗದ ಹಂತದಲ್ಲಿದ್ದ ಚಿಕಿತ್ಸೆಯ ಕಷ್ಟ, ಎಲ್ಲವನ್ನೂ ಸಹಿಸಿದರು. ಬದುಕುವ ಛಲ ಮನುಷ್ಯನನ್ನು ಚಿಕಿತ್ಸೆಯ ಬಾಗಿಲಿಗೆ ಕರೆದೊಯ್ಯುತ್ತದೆ, ನಡುವೆ ಬಿಟ್ಟು ಓಡದಂತೆ ಹಿಡಿದು ನಿಲ್ಲಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ತನದ ಕ್ಯಾನ್ಸರ್ ತಗಲಿದ 578 ಮಂದಿ ಮಹಿಳೆಯರನ್ನು ಕುರಿತು ಬ್ರಿಟನ್ನಿನ ವೈದ್ಯರು ನಡೆಸಿದ ಅಧ್ಯಯನ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೋರಾಟದ ಮನೋಭಾವದಿಂದ ಆಯುಸ್ಸು ಹೆಚ್ಚಿದ್ದು ಅದರಲ್ಲಿ ಕಂಡುಬರಲಿಲ್ಲ; ಆದರೆ ತೀವ್ರವಾದ ನಿರಾಶೆ, ಅಸಹಾಯಕತೆಗಳಲ್ಲಿ ಮುಳುಗಿದವರ ಗತಿ ಕೆಟ್ಟದಾಗಿತ್ತು.

ಇದನ್ನು ಏಕೆ ಹೇಳುತ್ತೇವೆ? ಮಣ್ಣು ಮಾಡಿ ಹಿಂದಿರುಗುವಾಗ, ‘ಅವಳಿಗೆ ಧೈರ್ಯ ಸಾಲದಾಯಿತು’, ‘ವಿಶ್ವಾಸವಿದ್ದಿದ್ದರೆ ಉಳಿಯುತ್ತಿದ್ದ’ ಎಂಬ ಮಾತುಗಳು ನಮ್ಮ ಕಿವಿಗೆ ಬಿದ್ದಿವೆ. ವ್ಯಾಧಿಸ್ಥರ ಅಭ್ಯಂಗ ನೀಡಲು ನಾವು ಹೋದ ಮನೆಗಳಲ್ಲಿ, ಇನ್ನು ಹತ್ತು ದಿನ ಸಾಕು, ಮಗಳ ಮದುವೆ ಕಂಡುಬಿಡುತ್ತೇನೆ ಎಂದು ಹಾಸಿಗೆಯ ಅಂಚನ್ನು ಹಿಡಿದುಕೊಂಡವರು ಇದ್ದರು. ಮದುವೆಗೆ ಮುನ್ನವೇ ಅವರು ಹೊರಟುಹೋದರು. ಅಂಥವರಲ್ಲಿ ಛಲ ಕಡಿಮೆಯಿತ್ತೆಂದು ಹೇಳುವ ನಾಲಿಗೆ ಯಾರದು? ಸಾಲಿನ ಮುಂಭಾಗದಲ್ಲಿ ನಿಂತವರು ಸೋತವರಲ್ಲ. ಸತ್ತವರ ಮೇಲೆ ಇಂಥ ಅಪವಾದ ಹೊರಿಸುವುದನ್ನು ಈ ಧರ್ಮಕೇಂದ್ರದಲ್ಲಿ ಇನ್ನು ಮುಂದೆ ಕೇಳಲು ನಾವು ಇಷ್ಟಪಡುವುದಿಲ್ಲ.

ಗೂಲ್ಡರು ಎಂಟು ತಿಂಗಳನ್ನು ದಾಟಿ ಸುಮಾರು 20 ವರ್ಷ ಬದುಕಿದರು. ಪಾಠ ಹೇಳಿದರು, ಪುಸ್ತಕದ ಮೇಲೆ ಪುಸ್ತಕ ಬರೆದರು. ಜೀವವಿಕಾಸವನ್ನು ಕುರಿತ 1,400ಕ್ಕೂ ಮಿಕ್ಕ ಪುಟಗಳ ಅವರ ಮಹಾಗ್ರಂಥ 2002ರ ಮಾರ್ಚಿಯಲ್ಲಿ ಹೊರಬಂದಿತು. ಅದೇ ವರ್ಷ ಮೇ 20ರಂದು, 60ನೆಯ ವಯಸ್ಸಿನಲ್ಲಿ, ಮೊದಲಿನದಕ್ಕೆ ಸಂಬಂಧಿಸದ ಬೇರೊಂದು ಕ್ಯಾನ್ಸರಿನಿಂದ ನಿಧನರಾದರು.

ನಮ್ಮವರು ಚಿಕಿತ್ಸೆಗೆಂದು ಹೋಗುವುದು ಹೆಚ್ಚಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. 1973ರಿಂದ ಅದು ಕಾರ್ಯನಿರತವಾಗಿದೆ. ಅಲ್ಲಿಗೆ ಹೋಗಬೇಕಾಗಿದ್ದೂ ಜೊತೆಗೆ ಬರುವವರಿಲ್ಲವೆಂದು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಲ್ಲವೆಂದು ಹಿಂಜರಿದು ಕುಳಿತವರು ಈ ಸಭೆಯಲ್ಲಿಯೇ ಇರಬಹುದು. ಇಂದಿನ ಊಟವಾದ ಮೇಲೆ ನಾವು ಗುರುನಿವಾಸದಲ್ಲಿಯೇ ಇರುತ್ತೇವೆ. ಹಿಂದಿನ ಬಾಗಿಲು ತೆರೆದಿರುತ್ತದೆ. ಯಾರ ಕಣ್ಣಿಗೂ ಬೀಳದಂತೆ ಬಂದು ಹೇಳಬಹುದು.